ಗಾಜನೂರಿನಲ್ಲಿ ಉಜ್ಜಿದ ಚಂದ್ರನ ಕಾಳು

ಚಂದ್ರನ ಕಲ್ಲು ನನ್ನ ಶೆಡ್ಡಿಗೆ ಬಂದದ್ದು ಕ್ಯಾಮೆರಾ ರೀಲಿನ ಕಪ್ಪು ಡಬ್ಬಿಯಲ್ಲಿ. ತಂದವರು ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಭೂವಿಜ್ಞಾನ ಹೇಳಿಕೊಡುತ್ತಿದ್ದ ಮೇಡಂ. ಮಾಚೇನಹಳ್ಳಿಯಲ್ಲಿ ಬಸ್ಸಿಳಿದು, ಶೆಡ್ಡುಗಳ ನಡುವೆ ದಾರಿ ಕೇಳಿಕೊಂಡು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ಬಾಗಿಲಲ್ಲಿ ಬಂದು ನಿಂತರು. ನಾನು ಮೆಷಿನ್ ನಿಲ್ಲಿಸಲಿಲ್ಲ. ಯಾರೋ ವಿಳಾಸ ತಪ್ಪಿ ಬಂದಿರಬೇಕು ಅಂದುಕೊಂಡೆ.

"ಕಬ್ಬಿಣದ ಸ್ಯಾಂಪಲ್ಲಿಗೆ ಕನ್ನಡಿ ಹಂಗೆ ಪಾಲಿಷ್ ಕೊಡೋರು ನೀವೇನಾ?" ಎಂದು ಗಟ್ಟಿಯಾಗಿ ಕೇಳಿದರು.

"ಕನ್ನಡಿ ಹಂಗಲ್ಲ ಮೇಡಂ, ಕನ್ನಡೀನೇ. ಬೇಕಾದ್ರೆ ನೋಡ್ಕೊಂಡು ತಲೆ ಬಾಚ್ಕೋಬಹುದು" ಅಂದೆ.

ಅವರು ನಕ್ಕರು. ಆಗ ಮೆಷಿನ್ ನಿಲ್ಲಿಸಿದೆ.

ನಾನು ಏಳನೇ ತರಗತಿಯನ್ನು ಪೂರ್ತಿ ಮಾಡಿದವನಲ್ಲ. ಮನೆಯಲ್ಲಿ ದುಡಿಯುವ ಕೈ ಕಡಿಮೆಯಿತ್ತು. ನನಗೂ ಬೆಂಚಿನ ಮೇಲೆ ಕೂರುವುದಕ್ಕಿಂತ ಕೈಯಲ್ಲಿ ಏನಾದರೂ ಹಿಡಿದು ಮಾಡುವುದೇ ಹಿತವಾಗಿತ್ತು. ಭದ್ರಾವತಿಯ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ನೆಲ ಒರೆಸುವ ಕೆಲಸಕ್ಕೆ ಸೇರಿ, ಆಮೇಲೆ ಸ್ಯಾಂಪಲ್ ಉಜ್ಜುವ ಮೇಜಿಗೆ ಬಂದೆ. ಕುಲುಮೆಯಿಂದ ಕರಗಿ ಇಳಿದ ಉಕ್ಕಿನ ಒಂದೊಂದು ಚೂರು ಅಲ್ಲಿಗೆ ಬರುತ್ತಿತ್ತು. ಅದನ್ನು ಎಮರಿ ಪೇಪರಿನ ಮೇಲೆ ಒರಟಿನಿಂದ ನಯಕ್ಕೆ ತರುತ್ತಾ, ಕೊನೆಗೆ ಮಖಮಲ್ ಹೊದಿಸಿದ ತಿರುಗುವ ತಟ್ಟೆಯ ಮೇಲೆ, ಬಿಳಿ ಪುಡಿ ಕಲಸಿದ ನೀರಿನಲ್ಲಿ ಹಿಡಿದು ಹೊಳಪು ಕೊಡಬೇಕು. ಕೂದಲೆಳೆಯಷ್ಟು ಗೀರು ಉಳಿದರೂ ಮೈಕ್ರೋಸ್ಕೋಪಿನ ಕೆಳಗೆ ಅದು ಬಿ.ಎಚ್. ರಸ್ತೆಯಷ್ಟು ಅಗಲ ಕಾಣುತ್ತದೆ. ನನ್ನ ಕೈಯಿಂದ ಗೀರು ಉಳಿದ ಸ್ಯಾಂಪಲ್ ಹೊರಗೆ ಹೋಗಿಲ್ಲ ಎಂದು ಆ ದಿನಗಳಲ್ಲಿ ಎದೆ ತಟ್ಟಿ ಹೇಳುತ್ತಿದ್ದೆ. ತೊಂಬತ್ತರ ದಶಕದ ಕೊನೆಗೆ ಸ್ವಯಂ ನಿವೃತ್ತಿ ತೆಗೆದುಕೊಂಡು ಮಾಚೇನಹಳ್ಳಿಯಲ್ಲಿ ಸ್ವಂತ ಶೆಡ್ಡು ಹಾಕಿದ ಮೇಲೆ ಸುತ್ತಲಿನ ಫೌಂಡ್ರಿಗಳವರು ತಮ್ಮ ಎರಕದ ಚೂರುಗಳನ್ನು ನನ್ನಲ್ಲಿಗೇ ಕಳಿಸತೊಡಗಿದರು. ಯಾರೋ ಮಾರಲು ಇಟ್ಟಿದ್ದ ಒಂದು ಹಳೆಯ ಮೈಕ್ರೋಸ್ಕೋಪನ್ನೂ ಕೊಂಡೆ. ನಾನು ಉಜ್ಜಿದ್ದನ್ನು ನಾನೇ ನೋಡಿ ಕಳಿಸಬೇಕು ಎನ್ನುವುದು ನನ್ನ ಹಟ.

ಮೇಡಂ ಡಬ್ಬಿಯ ಮುಚ್ಚಳ ತೆಗೆದರು. ಹತ್ತಿಯ ಮೇಲೆ ಮೂರು ಕಾಳು. ಅಕ್ಕಿಯ ನುಚ್ಚಿಗಿಂತ ಚಿಕ್ಕವು, ಬೂದಿ ಬಣ್ಣ, ಒಂದಕ್ಕೆ ಮಾತ್ರ ಒಂದು ಮಗ್ಗುಲಲ್ಲಿ ಬಿಳಿ.

"ಇದು ಚಂದ್ರನ ಮೇಲಿಂದು" ಅಂದರು.

"ಯಾರು ಹೋಗಿ ತಂದಿದ್ದು?"

"ಯಾರೂ ಹೋಗ್ಲಿಲ್ಲ. ಅದಾಗೇ ಬಂತು. ಚಂದ್ರಂಗೆ ಏನೋ ದೊಡ್ಡದು ಬಂದು ಬಡಿದಾಗ ಅಲ್ಲಿನ ಕಲ್ಲು ಸಿಡಿದು ಆಕಾಶಕ್ಕೆ ಹಾರುತ್ತೆ. ಅದರಲ್ಲಿ ಕೆಲವು ಎಷ್ಟೋ ಕಾಲ ಸುತ್ತಾಡ್ಕೊಂಡು ಕೊನೆಗೆ ಭೂಮಿಗೆ ಬೀಳ್ತಾವೆ. ಮರುಭೂಮಿಯಲ್ಲಿ ಅಂಥದೊಂದು ಸಿಕ್ತು. ನಮ್ಮ ಗುರುಗಳ ಲ್ಯಾಬಿಗೆ ಅದರ ಒಂದು ತುಂಡು ಬಂದಿತ್ತು. ಅವರು ಅದನ್ನ ಕೊಯ್ದಾಗ ಉದುರಿದ್ದು ಇದು."

ವಿಷಯ ಇಷ್ಟು. ಆ ಕಲ್ಲು ಚಂದ್ರನದೇ ಇರಬಹುದು ಎಂದು ಅವರ ಗುರುಗಳಿಗೆ ಅನಿಸಿತ್ತು, ಖಚಿತವಾಗಿರಲಿಲ್ಲ. ಈ ಕಾಳುಗಳಲ್ಲಿ ಯಾವ ಯಾವ ಖನಿಜವಿದೆ ಎಂದು ಗುರುತಿಸಿ ತೋರಿಸಿದರೆ ಖಚಿತವಾಗುತ್ತದೆ. ಅದನ್ನು ಅಳೆಯುವ ದೊಡ್ಡ ಯಂತ್ರ ಬೆಂಗಳೂರಿನಲ್ಲಿತ್ತು. ಅದರ ಮೇಲೆ ಒಂದು ದಿನದ ಸರದಿಯನ್ನು ಗುರುಗಳು ಹೇಗೋ ಕೊಡಿಸಿದ್ದರು. ಆದರೆ ಯಂತ್ರಕ್ಕೆ ಕಾಳನ್ನು ಹಾಗೇ ಇಡುವಂತಿಲ್ಲ. ಅಂಟಿನಲ್ಲಿ ಹೂತು, ಒಂದು ಬಿಲ್ಲೆ ಮಾಡಿ, ಕಾಳಿನ ಹೊಟ್ಟೆ ಕಾಣುವಂತೆ ಉಜ್ಜಿ ಹೊಳಪು ಕೊಟ್ಟಿರಬೇಕು. ಬೆಂಗಳೂರಿನಲ್ಲಿ ಅದನ್ನು ಮಾಡಿಸಲು ತಿಂಗಳುಗಟ್ಟಲೆ ಕಾಯಬೇಕು. ಅಷ್ಟರಲ್ಲಿ ಸರದಿ ಕೈತಪ್ಪುತ್ತದೆ, ಕೆಲಸ ಬೇರೆ ಯಾರಿಗೋ ಹೋಗುತ್ತದೆ. ಮೇಡಂ ವರ್ಷಗಳಿಂದ ಕಾಲೇಜಿನ ಪಾಠ, ಮನೆ, ಎರಡರ ನಡುವೆ ಕಾದು ಕಾದು ಪಡೆದುಕೊಂಡಿದ್ದ ಕೆಲಸ ಅದು.

"ಹೆಚ್ಚು ಉಜ್ಜಿದ್ರೆ ಕಾಳೇ ಹೋಗಿಬಿಡುತ್ತೆ. ಮತ್ತೆ ಕೊಡಿ ಅಂತ ಯಾರನ್ನೂ ಕೇಳೋ ಹಂಗಿಲ್ಲ" ಎಂದರು.

"ಉಕ್ಕನ್ನೇ ಉಜ್ಜಿದೋನು ಮೇಡಂ ನಾನು. ಕೊಡಿ ಮೂರನ್ನೂ."

"ಎರಡು ತಗೊಳ್ಳಿ. ಒಂದು ನನ್ನ ಹತ್ರ ಇರ್ಲಿ."

ನನಗೆ ಚುಚ್ಚಿತು. "ಯಾಕೆ, ನಂಬಿಕೆ ಇಲ್ವಾ?"

"ನಂಬಿಕೆ ಇದೆ ಯಜಮಾನ್ರೇ. ಅದಕ್ಕೇ ಎರಡು ಕೊಡ್ತಿರೋದು."

ಪಕ್ಕದ ಲೇತ್ ಶೆಡ್ಡಿನವನು ಅಷ್ಟು ಹೊತ್ತೂ ಗೋಡೆಯ ಆಚೆ ಕಿವಿ ಇಟ್ಟಿದ್ದ. ಅವನದು ಭದ್ರಾವತಿಯಲ್ಲೇ ಹುಟ್ಟಿ ಬೆಳೆದ ತಮಿಳು ಮನೆತನ. ಮೇಡಂ ಅತ್ತ ಹೋದರೋ ಇಲ್ಲವೋ, ಇತ್ತ ಬಂದ. "ಏನಣ್ಣಾ, ಚಂದ್ರಂಗೆ ಪಾಲಿಷಾ? ಮುಂದಿನ ವಾರ ಸೂರ್ಯನ್ನ ಕಳಿಸು, ನಾನ್ ವೆಲ್ಡಿಂಗ್ ಹಾಕ್ಕೊಡ್ತೀನಿ."

"ಹೋಗೋ ಮಾರಾಯ, ನಿನ್ನ ವೆಲ್ಡಿಂಗಿಗೆ ಗೇಟೇ ನಿಲ್ಲಲ್ಲ" ಅಂದೆ.

ಆ ರಾತ್ರಿ ಜನ್ನಾಪುರದ ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ನನ್ನ ಹೆಂಡತಿಗೆ ಹೇಳಿದೆ, ನಾಳೆಯೇ ಕೆಲಸ ಶುರು ಎಂದು. ಅವಳು ಬಡಿಸುತ್ತಿದ್ದ ಸೌಟನ್ನು ಅಲ್ಲೇ ಹಿಡಿದಳು.

"ನಾಳೆ ಸೋಮವಾರ ಕಣ್ರೀ. ಶಿವನ ತಲೆ ಮೇಲೆ ಕೂತಿರೋನ್ನ ಸೋಮವಾರವೇ ಎಮರಿ ಪೇಪರಿಗೆ ಹಾಕ್ತೀರಾ?"

"ತಲೆ ಮೇಲಿರೋನು ಅಲ್ಲೇ ಇದಾನಲ್ಲ. ಇದು ಉದುರಿ ಬಿದ್ದಿದ್ದು."

"ಉದುರಿದ್ದಾದ್ರೂ ಅವನದೇ ಅಲ್ವಾ? ಮಂಗಳವಾರ ಮಾಡಿ. ಒಂದಿನಕ್ಕೆ ಅದೇನು ಹಳಸಿ ಹೋಗಲ್ಲ."

ಅವಳ ಮಾತಿಗೆ ಸೋಮವಾರ ಫೌಂಡ್ರಿ ಕೆಲಸ ಮಾಡಿದೆ. ಮಂಗಳವಾರ ಬೆಳಿಗ್ಗೆ ಸ್ನಾನ, ಲಿಂಗಪೂಜೆ ಮುಗಿಸಿ, ಎಂದಿಗಿಂತ ಮೊದಲೇ ಶೆಡ್ಡಿಗೆ ಹೋದೆ. ಪ್ಲಾಸ್ಟಿಕ್ ಪೈಪಿನ ಒಂದು ಉಂಗುರ ಕೊಯ್ದು ಗಾಜಿನ ಮೇಲಿಟ್ಟೆ. ಅದರ ತಳದಲ್ಲಿ ಎರಡು ಕಾಳುಗಳನ್ನು ಚಿಮಟದಿಂದ ಇಟ್ಟು, ಎರಡು ಬಾಟಲಿಗಳಲ್ಲಿ ಬೇರೆ ಬೇರೆಯಾಗಿ ಬರುವ ಅಂಟನ್ನು ಕಲಸಿ ಹನಿಹನಿಯಾಗಿ ಸುರಿದೆ. ಗಟ್ಟಿಯಾದ ಮೇಲೆ ಅದು ಒಂದು ಅಂಗಿಯ ದೊಡ್ಡ ಗುಂಡಿಯ ಹಾಗಿತ್ತು, ಒಳಗೆ ಎರಡು ಚುಕ್ಕಿ. ಆಮೇಲೆ ಎಮರಿ ಪೇಪರು, ಆಮೇಲೆ ತಿರುಗುವ ತಟ್ಟೆ. ಕಲ್ಲು ಉಕ್ಕಿನ ಹಾಗಲ್ಲ. ಉಕ್ಕು ತಾನೇ ಎಷ್ಟು ಬೇಕೋ ಅಷ್ಟು ಬಿಟ್ಟುಕೊಡುತ್ತದೆ, ಕಲ್ಲು ಎದುರಾಡಿ ಎದುರಾಡಿ ಒಮ್ಮೆಗೇ ಮುರಿಯುತ್ತದೆ. ಎರಡರಲ್ಲಿ ಒಂದು ಕಾಳು ಹಾಗೆಯೇ ಅಂಚಿನಲ್ಲಿ ಒಡೆದು ಸವೆದು, ಬರೀ ನೆರಳಿನಷ್ಟು ಉಳಿಯಿತು. ಇನ್ನೊಂದು ಚೆನ್ನಾಗಿ ಬಂತು.

ಅದನ್ನು ನನ್ನ ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಬೂದು ಬಣ್ಣದ ಕಲ್ಲು, ಅದರ ಸುತ್ತ ಇನ್ನೂ ಮಬ್ಬಾದ ಅಂಟು, ಮತ್ತು ಅಲ್ಲಲ್ಲಿ ಥಳಥಳ ಹೊಳೆಯುವ ಬಿಳಿ ಚುಕ್ಕಿಗಳು. ಆ ಹೊಳಪನ್ನು ನಾನು ನಿದ್ದೆಯಲ್ಲೂ ಗುರುತಿಸಬಲ್ಲೆ. ಕಬ್ಬಿಣ!

ಮೇಡಂ ಮೊದಲ ದಿನವೇ ಒಂದು ಮಾತು ಹೇಳಿದ್ದರು. ನಮ್ಮ ಭೂಮಿಯ ಕಲ್ಲುಗಳಲ್ಲಿ ಕಬ್ಬಿಣ ಗಾಳಿ ನೀರಿನ ಜೊತೆ ಸೇರಿ ಅದಿರಾಗಿರುತ್ತದೆ, ಬರಿಯ ಲೋಹವಾಗಿ ಸಿಗುವುದು ಬಹಳ ಅಪರೂಪ. ಚಂದ್ರನಲ್ಲಿ ಗಾಳಿಯೂ ಇಲ್ಲ ನೀರೂ ಇಲ್ಲವಾದ್ದರಿಂದ ಅಲ್ಲಿನ ಕಲ್ಲಿನಲ್ಲಿ ಅಪ್ಪಟ ಕಬ್ಬಿಣದ ಸಣ್ಣ ಚುಕ್ಕಿಗಳು ಹಾಗೇ ಉಳಿದಿರುತ್ತವೆ. ಅವರು ಹೇಳಿದ ಖನಿಜಗಳ ಹೆಸರೆಲ್ಲ ಒಂದು ಕಿವಿಯಲ್ಲಿ ಬಂದು ಇನ್ನೊಂದರಲ್ಲಿ ಹೋಗಿದ್ದವು. ಕಬ್ಬಿಣದ ಮಾತು ಮಾತ್ರ ನಿಂತಿತ್ತು. ಚಂದ್ರನಲ್ಲೂ ನಮ್ಮ ಕಸುಬಿನ ಸರಕು ಇದೆಯಲ್ಲ ಎಂದು ಹಿಗ್ಗಿದ್ದೆ. ಈಗ ಅದು ಕಣ್ಣೆದುರು ಹೊಳೆಯುತ್ತಿತ್ತು. ಬಿಲ್ಲೆಯನ್ನು ಹತ್ತಿಯಲ್ಲಿ ಸುತ್ತಿ ಅಂಗಿಯ ಜೇಬಿಗೆ ಹಾಕಿ, ಶೆಡ್ಡಿಗೆ ಬೀಗವನ್ನೂ ಹಾಕದೆ, ಸಿಕ್ಕಿದ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋದೆ.

ಕಾಲೇಜಿನಲ್ಲಿ ಅದಿರು ನೋಡುವ ಒಳ್ಳೆಯ ಮೈಕ್ರೋಸ್ಕೋಪಿತ್ತು. ಮೇಡಂ ಕಣ್ಣಿಟ್ಟರು. "ಅಯ್ಯೋ!" ಎಂದು ಸಂತೋಷದಲ್ಲಿ ಕೂಗಿದರು. ನಾನು ಕೈಕಟ್ಟಿಕೊಂಡು ನಿಂತೆ. ಅವರು ಬಿಲ್ಲೆಯನ್ನು ಆಚೆ ಸರಿಸಿದರು, ಈಚೆ ಸರಿಸಿದರು. ಆಮೇಲೆ ಕಣ್ಣು ತೆಗೆದು ನನ್ನ ಕಡೆ ತಿರುಗಿದರು.

"ಯಜಮಾನ್ರೇ, ಈ ಕಬ್ಬಿಣ ಕಲ್ಲಿನ ಒಳಗಿಲ್ಲ."

"ಮತ್ತೆಲ್ಲಿದೆ?"

"ಪಕ್ಕದಲ್ಲಿದೆ. ಅಂಟಿನಲ್ಲಿ ಚುಚ್ಕೊಂಡಿದೆ. ಕಲ್ಲಿನ ಹಳ್ಳದಲ್ಲಿ ಕೂತಿದೆ. ಹೊರಗಿಂದ ಬಂದಿರೋ ಹಂಗಿದೆ."

"ಹೊರಗಿಂದ ಎಲ್ಲಿಂದ ಬರುತ್ತೆ? ಬಟ್ಟೆ ಹೊಸದು, ಪುಡಿ ಹೊಸದು. ನಾನೇನು ಕಬ್ಬಿಣ ಬೆರೆಸಿ ತಂದೆ ಅಂತೀರಾ?"

"ನಾನು ಹಂಗಂದ್ನಾ?"

ಹಾಗೆ ಅಂದಿರಲಿಲ್ಲ. ಆದರೂ ಮುಖ ಗಂಟು ಹಾಕಿಕೊಂಡು ಬಂದುಬಿಟ್ಟೆ. ಬಿಲ್ಲೆಯನ್ನು ಅವರ ಮೇಜಿನ ಮೇಲೆಯೇ ಬಿಟ್ಟಿದ್ದೆ. ಬಸ್ಸಿನಲ್ಲಿ ಬರುತ್ತಾ ಸಿಟ್ಟು ಇಳಿಯಿತು, ಬೇರೆ ಏನೋ ಏರತೊಡಗಿತು. ಸರದಿಯ ದಿನ ಬರುವ ವಾರದಲ್ಲೇ ಇತ್ತು. ಒಂದು ಸವೆದೇ ಹೋಗಿತ್ತು, ಇನ್ನೊಂದರಲ್ಲಿ ಮತ್ತೆ ಉಜ್ಜುವಷ್ಟು ಆಳ ಉಳಿದಿರಲಿಲ್ಲ, ಎರಡು ಕಾಳು ಹೋದಂತೆಯೇ. ಉಳಿದದ್ದು ಮೇಡಂ ಹತ್ತಿರವಿದ್ದ ಒಂದೇ ಒಂದು.

ಸಪ್ಪೆ ಮುಖ ನೋಡಿ ಹೆಂಡತಿ ವಿಷಯ ಹೊರಡಿಸಿದಳು. ಎಲ್ಲ ಕೇಳಿ, ಹುಣಸೆಹಣ್ಣು ಕಿವುಚುತ್ತಾ ಅಂದಳು: "ಅಷ್ಟಕ್ಕೆ ಯಾಕ್ರೀ ಜಗಳ? ಸಾರು ಕಹಿ ಆದ್ರೆ ನಾನು ಏನ್ ಮಾಡ್ತೀನಿ? ಬೇಳೆ ಕಹಿನೋ ನೀರು ಕಹಿನೋ ಗೊತ್ತಾಗ್ಬೇಕಲ್ಲ. ಬರೀ ನೀರು ಕಾಯಿಸಿ ಕುಡಿದು ನೋಡ್ತೀನಿ. ಕಲ್ಲೇ ಹಾಕ್ದೆ ಒಂದು ಬಿಲ್ಲೆ ಮಾಡಿ. ಅದರಲ್ಲೂ ಹೊಳೆದ್ರೆ ನಿಮ್ಮ ಶೆಡ್ಡಿಂದು. ಹೊಳೀದಿದ್ರೆ ಹೋಗಿ ಮೇಡಂ ಹತ್ರ ಜಗಳ ಆಡಿ."

ಮಾರನೆಯ ದಿನ ಬರೀ ಅಂಟಿನ ಬಿಲ್ಲೆ ಮಾಡಿದೆ. ಅದೇ ತಟ್ಟೆ, ಅದೇ ಬಟ್ಟೆ, ಅದೇ ಕೈ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕತ್ತಲ ಆಕಾಶದಲ್ಲಿ ನಕ್ಷತ್ರ ಇದ್ದ ಹಾಗೆ ಚುಕ್ಕಿ ಚುಕ್ಕಿ. ಒಂದು ಚುಕ್ಕಿ ಸ್ವಲ್ಪ ದೊಡ್ಡದಿತ್ತು. ಹತ್ತಿರ ಮಾಡಿ ನೋಡಿದೆ. ಬಿಳಿಯ ನಡುವೆ ಕಪ್ಪು ಹುಳು ಹರಿದಂತೆ ಎರಡು ಗೆರೆ. ನಗು ಬಂತು. ಅದು ಬೀಡು ಕಬ್ಬಿಣ! ಆ ಕಪ್ಪು ಹುಳುಗಳು ಅದರೊಳಗಿನ ಇಂಗಾಲ. ಯಾವುದೋ ಫೌಂಡ್ರಿಯವರ ಎರಕ, ನಾನೇ ಉಜ್ಜಿದ್ದು. ಎಲ್ಲೋ ದೂರದ ಜಾತ್ರೆಗೆ ಹೋದಾಗ ಪಕ್ಕದ ಮನೆಯವನೇ ಎದುರಿಗೆ ಸಿಕ್ಕಂತಾಯಿತು. ಒಂದು ಆಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಶೆಡ್ಡಿನ ಮೇಜು, ಕಿಟಕಿ, ಕಪಾಟಿನ ಮೇಲೆ ಎಳೆದೆ. ಎಲ್ಲಿ ಎಳೆದರೂ ಅದಕ್ಕೆ ಕರಿ ಗಡ್ಡ ಬೆಳೆಯುತ್ತಿತ್ತು. ಇಷ್ಟು ವರ್ಷ ಉಸಿರಾಡಿದ್ದೇ ಅದನ್ನು. ಕಬ್ಬಿಣದ ಸ್ಯಾಂಪಲ್ಲಿಗೆ ಕಬ್ಬಿಣದ ಧೂಳು ಬಿದ್ದರೆ ಕಾಣುವುದಾದರೂ ಹೇಗೆ? ಅದಕ್ಕೇ ಒಂದು ದಿನವೂ ಗಮನಕ್ಕೆ ಬಂದಿರಲಿಲ್ಲ.

ಖಾಲಿ ಬಿಲ್ಲೆಯನ್ನು ಮೇಡಂ ಮುಂದೆ ಇಟ್ಟೆ. "ಆ ಕಬ್ಬಿಣ ನಂದು" ಅಂದೆ.

ಅವರು ನಗಲಿಲ್ಲ. ಬಿಲ್ಲೆ ನೋಡಿ, "ಇದನ್ನ ಮಾಡೋಕೆ ನಿಮಗೆ ಯಾರು ಹೇಳಿದ್ದು?" ಎಂದರು.

"ನಮ್ಮ ಮನೆಯವಳು. ಸಾರಿನ ಲೆಕ್ಕದಲ್ಲಿ."

"ಅವರಿಗೆ ನನ್ನ ನಮಸ್ಕಾರ ಹೇಳಿ" ಎಂದು ಡಬ್ಬಿಯನ್ನು ಕೈಯಲ್ಲಿ ತಿರುಗಿಸುತ್ತಾ ಕೂತರು. ಕೊನೆಯ ಕಾಳು, ಆ ಬಿಳಿ ಮಗ್ಗುಲಿನದು, ಅದರಲ್ಲಿತ್ತು. ನನಗೆ ಮತ್ತೆ ಕೊಡುವುದೋ, ಸರದಿಯನ್ನು ಬಿಟ್ಟು ಕಾಳನ್ನಾದರೂ ಉಳಿಸಿಕೊಳ್ಳುವುದೋ ಎಂದು ಅವರು ತೂಗುತ್ತಿದ್ದದ್ದು ಮುಖದಲ್ಲೇ ಕಾಣುತ್ತಿತ್ತು. ನಾನು ಒತ್ತಾಯ ಮಾಡಲಿಲ್ಲ. ಒತ್ತಾಯ ಮಾಡುವ ಮುಖ ಇರಲಿಲ್ಲ ಎನ್ನಿ.

"ನಿಮ್ಮ ಶೆಡ್ಡಲ್ಲಂತೂ ಬೇಡ. ಇಲ್ಲೂ ಬೇಡ. ಇಲ್ಲಿ ಹುಡುಗ್ರು ದಿನಾ ಕಲ್ಲು ಕುಟ್ತಾರೆ, ಕಬ್ಬಿಣದ ಬದಲು ಕಲ್ಲಿನ ಪುಡಿ ಸೇರುತ್ತೆ. ಮತ್ತೆಲ್ಲಿ ಮಾಡೋದು?" ಎಂದರು.

ಆಗ ಗಾಜನೂರು ನೆನಪಾಯಿತು. ನನ್ನ ಅಕ್ಕನನ್ನು ಅಲ್ಲಿಗೆ ಕೊಟ್ಟಿದ್ದೆವು. ಭಾವ ಅಣೆಕಟ್ಟಿನ ಕೆಲಸದಲ್ಲಿದ್ದವರು, ಅಲ್ಲೇ ನೀರಿನ ಸಪ್ಪಳ ಕೇಳುವಷ್ಟು ಹತ್ತಿರದಲ್ಲಿ ಮನೆ. ಲೇತಿಲ್ಲ, ಫೌಂಡ್ರಿಯಿಲ್ಲ, ಕಲ್ಲು ಕುಟ್ಟುವವರಿಲ್ಲ. ತಿರುಗುವ ತಟ್ಟೆಯೂ ಇಲ್ಲ. ಇಲ್ಲದಿದ್ದರೇನು, ಗಾಜಿನ ಹಲಗೆಯ ಮೇಲೆ ಕೈಯಲ್ಲೇ ಉಜ್ಜುತ್ತೇನೆ ಅಂದೆ.

"ನಾನೂ ಬರ್ತೀನಿ" ಅಂದರು ಮೇಡಂ.

ನಾವಿಬ್ಬರೂ ಹೋಗಿ ಇಳಿದಾಗ ಅಕ್ಕ ಕಾಫಿಗಿಟ್ಟಳು. ನಾನು ಹಿಂದಿನ ಕೋಣೆ ಖಾಲಿ ಮಾಡಿಸತೊಡಗಿದೆ. ಟ್ರಂಕು, ಕತ್ತಿ, ಮೊರ ತೂಗುಹಾಕಲು ಗೋಡೆಗೆ ಬಡಿದಿದ್ದ ಮೊಳೆ, ಎಲ್ಲ ಹೊರಗೆ. ಗೋಡೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಅಕ್ಕ ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡುತ್ತಿದ್ದಳು.

"ಎಂತದೋ ಇದು? ಮನೆ ಮಾರೋಕೆ ಬಂದಿದೀಯಾ?"

"ಅಕ್ಕಾ, ಆ ಕಬ್ಬಿಣದ ಬಾಣಲೆನೂ ಆಚೆ ಇಡು."

"ನನ್ನ ಬಾಣಲೆ ನಿಂಗೆ ಎಂತ ಮಾಡ್ತು?"

"ಸೆರಗಿಗೆ ಹಾಕಿರೋ ಪಿನ್ನೂ ತೆಗಿ. ಮೇಡಂ, ನೀವೂ. ತಲೆಯ ಕ್ಲಿಪ್ಪೂ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕು, ಪಿನ್ನು ಕ್ಲಿಪ್ಪುಗಳನ್ನೆಲ್ಲ ಒಂದು ಲೋಟಕ್ಕೆ ಹಾಕಿದರು. ಅಕ್ಕ ಡಬ್ಬಿಯಲ್ಲಿ ಇಣುಕಿದಳು. "ಇದಾ ಚಂದ್ರ? ನುಚ್ಚಿನಷ್ಟೂ ಇಲ್ವಲ್ಲೋ ಮಾರಾಯ! ಇದಕ್ಕೆ ಇಷ್ಟು ಶಾಸ್ತ್ರವಾ?"

ಮೊದಲ ದಿನ ಖಾಲಿ ಬಿಲ್ಲೆಯನ್ನೇ ಮಾಡಿದೆವು. ಕಾಯಿಸಿ ಸೋಸಿದ ತುಂಗೆಯ ನೀರು, ಹೊಸ ಗಾಜು, ಹೊಸ ಮಖಮಲ್. ಮೇಡಂ ಮೆಡಿಕಲ್ ಶಾಪಿನಿಂದ ಡಾಕ್ಟರುಗಳು ಹಾಕಿಕೊಳ್ಳುವ ರಬ್ಬರಿನ ಕೈಗವಸು ತಂದಿದ್ದರು.

"ಇದನ್ನ ಹಾಕ್ಕೊಂಡ್ರೆ ನಂಗೆ ಏನೂ ಗೊತ್ತಾಗಲ್ಲ. ಬೆರಳಲ್ಲೇ ನಾನು ನೋಡೋದು" ಅಂದೆ.

"ನಿಮ್ಮ ಬೆರಳಲ್ಲೇ ಕಬ್ಬಿಣ ಇರೋದು" ಅಂದರು.

ಬೆರಳುಗಳನ್ನು ನೋಡಿಕೊಂಡೆ. ಎಷ್ಟು ಸೀಗೆಪುಡಿ ಹಾಕಿ ತಿಕ್ಕಿದ್ದರೂ ಗೆರೆಗಳಲ್ಲಿ ಕಪ್ಪು ಹಾಗೇ ಇತ್ತು. ಗವಸು ಹಾಕಿಕೊಂಡೆ. ಕಣ್ಣು ಕಟ್ಟಿದಂತಾಯಿತು. ಮೊದಮೊದಲು ಬಿಲ್ಲೆ ಗಾಜಿನ ಮೇಲೆ ಎತ್ತ ವಾಲುತ್ತಿದೆ ಎಂದೇ ತಿಳಿಯಲಿಲ್ಲ. ಆಮೇಲೆ ಸದ್ದು ಕೇಳುವುದನ್ನು ಕಲಿತೆ. ಸಮವಾಗಿ ಕೂತಾಗ ಮಳೆ ನಿಂತ ಮೇಲೆ ಸೂರಿನ ನೀರು ಸೋರಿದಂತೆ ಒಂದೇ ಸದ್ದು, ವಾಲಿದರೆ ಒಂದು ಕಡೆ ಕಿರ್ರ್ ಎನ್ನುತ್ತದೆ. ಸಂಜೆಯ ಬಸ್ಸಿಗೆ ಮೇಡಂ ಆ ಖಾಲಿ ಬಿಲ್ಲೆಯನ್ನು ಕಾಲೇಜಿಗೆ ಒಯ್ದರು. ಬೆಳಿಗ್ಗೆ ಬಾಗಿಲಲ್ಲೇ ಕೂಗುತ್ತಾ ಬಂದರು: "ಏನಿಲ್ಲ ಯಜಮಾನ್ರೇ! ಒಂದು ಚುಕ್ಕಿನೂ ಇಲ್ಲ!"

ಏನೂ ಇಲ್ಲ ಎನ್ನುವ ಮಾತು ಕೇಳಿ ನಾನು ಅಷ್ಟು ಸಂತೋಷಪಟ್ಟದ್ದು ಬೇರೆ ಯಾವತ್ತೂ ಇಲ್ಲ.

ಆ ದಿನ ಕೊನೆಯ ಕಾಳನ್ನು ಅಂಟಿನಲ್ಲಿ ಕೂರಿಸಿದೆವು. ಮರುದಿನ ಉಜ್ಜಲು ಕೂತೆ. ಅಕ್ಕ ಅಡುಗೆಮನೆಯಲ್ಲಿ ಪಾತ್ರೆಯ ಸದ್ದನ್ನೂ ಮಾಡಲಿಲ್ಲ. ಗಾಜಿನ ಮೇಲೆ ಇಂಗ್ಲಿಷಿನ ಎಂಟರ ಆಕಾರದಲ್ಲಿ ಬಿಲ್ಲೆಯನ್ನು ಆಡಿಸುವುದು, ನಿಲ್ಲಿಸುವುದು, ತೊಳೆಯುವುದು, ಮೇಡಂ ಕೈಗೆ ಕೊಡುವುದು. ಅವರು ಭೂತಗನ್ನಡಿಯಲ್ಲಿ ನೋಡಿ "ಇನ್ನೂ ಅಂಟೇ ಇದೆ" ಎನ್ನುವುದು. ಹೀಗೆ ಮಾಡುತ್ತಾ ಮಾಡುತ್ತಾ ಒಮ್ಮೆ ಸದ್ದು ಬದಲಾಯಿತು. ಸೂಜಿಯ ಮೊನೆಯಷ್ಟು ಗಡಸು ಸದ್ದು. ಕಲ್ಲು ಮೇಲೆ ಬಂದಿತ್ತು.

ಅಲ್ಲಿಂದ ಮುಂದೆ ನಾನು ಉಸಿರನ್ನೂ ಅಳೆದು ಬಿಡುತ್ತಿದ್ದೆ. ಮಖಮಲ್ಲಿಗೆ ಬದಲಾಯಿಸಿದೆ. ಕಾಳಿನ ಬಿಳಿ ಭಾಗ ಹೊಳಪು ಹಿಡಿಯಿತು, ಬೂದು ಭಾಗ ಹೊಳಪು ಹಿಡಿಯಿತು. ಅಡ್ಡಕ್ಕೆ ಒಂದು ಗೀರು ಮಾತ್ರ ಹೋಗಲಿಲ್ಲ. ಎಳೆಯ ಕೂದಲಿನಷ್ಟು ಸಣ್ಣದು. ಇನ್ನೊಂದಿಷ್ಟು ಉಜ್ಜಿದರೆ ಹೋಗುತ್ತದೆ. ಎಷ್ಟು ಉಜ್ಜಿದರೆ ಎನ್ನುವುದು ಮಾತ್ರ ಗೊತ್ತಿಲ್ಲ. ಕಾಳು ಎಷ್ಟು ಆಳ ಉಳಿದಿದೆಯೋ ಅದೂ ಗೊತ್ತಿಲ್ಲ.

"ಇನ್ನೊಂಚೂರು?" ಮೇಡಂ ಕೇಳಿದರು. ಅವರಿಗೂ ಆಸೆ.

ನನ್ನ ಕೈ ಆಗಲೇ ಬಟ್ಟೆಯ ಕಡೆ ಹೋಗಿತ್ತು. ಗೀರು ಬಿಟ್ಟು ಕೊಡುವ ಅಭ್ಯಾಸ ಆ ಕೈಗಿಲ್ಲ. ಉಕ್ಕಿನಲ್ಲಾದರೆ ಮತ್ತೊಂದು ಚೂರು ಕತ್ತರಿಸಿ ತರುತ್ತಿದ್ದೆ. ಇಲ್ಲಿ ಮತ್ತೊಂದು ಚೂರು ತರಲು ಹೋಗುವ ದಾರಿಯೇ ಬೇರೆ. ಬಿಲ್ಲೆಯನ್ನು ಮೇಲೆತ್ತಿ ಹಿಡಿದೆ.

"ಸಾಕು ಮೇಡಂ."

"ಗೀರು ಇದೆಯಲ್ಲ?"

"ಇರ್ಲಿ. ಆ ಯಂತ್ರ ಅದರ ಆಚೆ ಈಚೆ ನೋಡ್ಕೊಳ್ಳಲಿ."

ಅವರು ಬಿಲ್ಲೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು.

ಅಲ್ಲಿಂದ ನೇರ ಕಾಲೇಜಿಗೆ ಹೋದೆವು. ಈ ಸಲ ಮೇಡಂ "ಅಯ್ಯೋ" ಎಂದು ಕೂಗಲಿಲ್ಲ. ನಿಧಾನವಾಗಿ ನೋಡಿದರು, ಮೊದಲು ಅಂಟನ್ನು, ಆಮೇಲೆ ಅಂಚನ್ನು, ಕೊನೆಗೆ ಒಳಗನ್ನು. ಆಮೇಲೆ ಎದ್ದು ನನ್ನನ್ನು ಕೂರಿಸಿದರು. ನೋಡಿದೆ. ಅಂಟಿನಲ್ಲಿ ಏನೇನೂ ಇರಲಿಲ್ಲ. ಕಲ್ಲಿನಲ್ಲಿ ಅಗಲವಾದ ಬೂದು ಬಯಲು, ಅದರಲ್ಲಿ ಸ್ವಲ್ಪ ತಿಳಿಯಾದ ಒಂದೆರಡು ಚೂರು, ಅವೆಲ್ಲವನ್ನೂ ಹಿಡಿದಿಟ್ಟುಕೊಂಡ ಗಾಜಿನಂಥ ಮುದ್ದೆ. ಬೂದು ಬಯಲು ಸುಣ್ಣದ ಅಂಶ ಹೆಚ್ಚಿರುವ ಖನಿಜವಂತೆ, ನಾವು ಹುಣ್ಣಿಮೆಯಲ್ಲಿ ನೋಡುವ ಚಂದ್ರನ ಬಿಳುಪೆಲ್ಲ ಬಹುಪಾಲು ಅದೇ ಎಂದರು. ಗಾಜಿನ ಮುದ್ದೆಯ ನಟ್ಟನಡುವೆ ಒಂದು ಬಿಳಿ ಚುಕ್ಕಿ ಹೊಳೆಯಿತು. ಸುತ್ತಲೂ ಕಲ್ಲೇ ಇತ್ತು. ಹಳ್ಳವಿಲ್ಲ, ಬಿರುಕಿಲ್ಲ, ಹೊರಗಿನಿಂದ ಬರಲು ದಾರಿಯಿಲ್ಲ. ಹುಳುವಿನ ಗೆರೆಯೂ ಇಲ್ಲ. ಶುದ್ಧ ದುಂಡಗಿನ ಕಬ್ಬಿಣ.

"ಇದು ನಿಮ್ಮದಲ್ಲ" ಎಂದರು ಮೇಡಂ.

"ಅಲ್ಲ. ನನ್ನದಲ್ಲ" ಅಂದೆ.

ಅವರು ಬೆಂಗಳೂರಿಗೆ ಹೋದ ದಿನ ನಾನು ಶೆಡ್ಡಿನಲ್ಲಿ ಮಾಡಿದ ಕೆಲಸ ಅಷ್ಟರಲ್ಲೇ ಇತ್ತು. ಕಣ್ಣಿಗೆ ಕಂಡಿದ್ದು ಒಂದಾದರೆ ಯಂತ್ರ ಹೇಳುವುದು ಇನ್ನೊಂದಿರಬಹುದು ಎಂದು ಮೇಡಂ ಮೊದಲೇ ಎಚ್ಚರಿಸಿದ್ದರು. ಫೋನು ಇದ್ದದ್ದು ಲೇತ್ ಶೆಡ್ಡಿನಲ್ಲಿ. ಸಂಜೆಯಾಗುತ್ತಾ ಬಂದಾಗ ಅವನು ರಿಸೀವರ್ ಹಿಡಿದುಕೊಂಡೇ ಕೂಗಿದ, "ಅಣ್ಣಾ, ಓಡಿ ಬಾ, ಚಂದ್ರಲೋಕದಿಂದ ಫೋನು!"

ಮೇಡಂ ದನಿ ಏರಿತ್ತು. "ಯಜಮಾನ್ರೇ, ಮ್ಯಾಂಗನೀಸ್ ಗೊತ್ತಲ್ಲ ನಿಮಗೆ?"

"ಅದರ ಮಧ್ಯೆಯೇ ಅಲ್ವಾ ಮೇಡಂ ಬೆಳೆದಿದ್ದು?"

"ಆ ತಿಳಿ ಬೂದು ಚೂರುಗಳಿದ್ವಲ್ಲ, ಅದರಲ್ಲಿ ಕಬ್ಬಿಣ ಎಷ್ಟು, ಮ್ಯಾಂಗನೀಸ್ ಎಷ್ಟು ಅಂತ ಅಳೆದ್ವಿ. ಭೂಮಿಯ ಕಲ್ಲಿನಲ್ಲಿ ಆ ಎರಡರ ಲೆಕ್ಕ ಒಂಥರಾ. ಚಂದ್ರಂದು ಬೇರೆ ಥರ. ಇದು ಚಂದ್ರನ ಲೆಕ್ಕಕ್ಕೇ ಕೂತಿದೆ. ಗುರುಗಳಿಗೂ ಹೇಳ್ದೆ. ಕೆಲಸ ನೀನೇ ಮುಂದುವರಿಸು ಅಂದ್ರು."

ನನಗೆ ಅದು ಒಂದೇ ಏಟಿಗೆ ಅರ್ಥವಾಯಿತು. ಕಾರ್ಖಾನೆಯಲ್ಲಿ ಕಬ್ಬಿಣ ಮ್ಯಾಂಗನೀಸಿನ ಲೆಕ್ಕ ನೋಡಿಯೇ ಯಾವ ಉಕ್ಕು ಯಾವ ಕುಲುಮೆಯದು ಎಂದು ಹೇಳುವವರಿದ್ದರು. ಚಂದ್ರನೂ ಒಂದು ಕುಲುಮೆ. ಆ ಕಾಳು ಅದರ ಎರಕ.

"ಗೀರು ತೊಂದ್ರೆ ಕೊಡ್ತಾ?" ಎಂದು ಕೇಳಿದೆ.

"ಇಲ್ಲಿಯವರು ಕೇಳಿದ್ರು, ಯಾಕೆ ಬಿಟ್ಟಿದೀರ ಅಂತ. ಉಜ್ಜಿದವರು ಅಲ್ಲಿಗೆ ಸಾಕು ಅಂದ್ರು ಅಂದೆ. ಯಂತ್ರದ ಗುರಿ ಅದರ ಪಕ್ಕಕ್ಕೆ ಇಟ್ಕೊಂಡ್ವಿ. ಏನೂ ಆಗ್ಲಿಲ್ಲ."

ರಿಸೀವರ್ ಇಟ್ಟಾಗ ಲೇತಿನವನು ಪಕ್ಕದಲ್ಲೇ ನಿಂತಿದ್ದ. "ಅದೇ ಆಯ್ತಾ ಅಣ್ಣಾ? ಚಂದ್ರಂದೇ?" ಎಂದ. ಹೌದು ಅಂದೆ. ಅವನು ಎಣ್ಣೆಯ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ನನ್ನ ಕೈ ಕುಲುಕಿದ. ಜನ್ನಾಪುರಕ್ಕೆ ಹೋಗಿ ಹೆಂಡತಿಗೆ ಹೇಳಿದರೆ, "ಮಂಗಳವಾರ ಶುರು ಮಾಡಿದ್ದು ಒಳ್ಳೇದೇ ಆಯ್ತು ನೋಡ್ರೀ" ಅಂದಳು. ಖಾಲಿ ಬಿಲ್ಲೆಯ ಬುದ್ಧಿ ಹೇಳಿದ್ದು ತಾನು ಎನ್ನುವುದೇ ಅವಳಿಗೆ ಮರೆತಿತ್ತು. ನಾನು ನೆನಪಿಸಿದೆ. "ಅದರಲ್ಲೇನು ಬುದ್ಧಿ, ಎಲ್ರೂ ಮಾಡೋದೇ" ಎಂದು ಒಳಗೆ ಹೋದಳು. ಅಂದು ಮೈಸೂರುಪಾಕು ತಂದಿದ್ದೆ, ಎರಡು ತಿಂದಳು.

ಭಾನುವಾರ ಗಾಜನೂರಿಗೆ ಹೋದೆ. ಅಕ್ಕ ಬಾಗಿಲಲ್ಲೇ ಕೇಳಿದಳು, "ಹಂಗಾರೆ ಅದು ಅಲ್ಲಿಂದೇಯಾ?"

"ಅಲ್ಲಿಂದೇ ಅಕ್ಕ."

ಅವಳು ಹಿಂದಿನ ಕೋಣೆಯ ಬಾಗಿಲು ತೆರೆದಳು. ಟ್ರಂಕು ಇನ್ನೂ ಜಗಲಿಯಲ್ಲೇ ಇತ್ತು. ಕೋಣೆಯ ನೆಲ ಒದ್ದೆ ಬಟ್ಟೆಯಲ್ಲಿ ಆಗತಾನೇ ಒರೆಸಿದ್ದು, ಕಿಟಕಿಯ ಬೆಳಕಿನಲ್ಲಿ ಹೊಳೆಯುತ್ತಿತ್ತು.

"ಇದನ್ನ ಯಾಕೆ ಹಿಂಗೇ ಬಿಟ್ಟಿದೀಯ? ಸಾಮಾನು ಒಳಗೆ ಇಡೋದಲ್ವಾ?" ಅಂದೆ.

"ನೀನು ಇನ್ನೊಂದು ತರ್ತೀಯೇನೋ ಅಂತ ದಿನಾ ಒರೆಸ್ತಾ ಇದೀನಿ ಮಾರಾಯ" ಅಂದಳು ಅಕ್ಕ. "ಆ ಮೇಡಮ್ಮಿಗೆ ಹೇಳು, ಮುಂದಿನ ಸಲ ಸ್ವಲ್ಪ ದೊಡ್ಡದು ತರ್ಲಿ. ಕಣ್ಣಿಗೆ ಕಾಣೋ ಹಂಗಿರ್ಲಿ."